ಒಂದು ಲೋಟ ಪಾಲು

2023ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಬೈಯಪ್ಪನಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆ. ಕೆ.ಆರ್. ಪುರದವರೆಗಿನ ತುಂಡು ಅಕ್ಟೋಬರ್‌ನಲ್ಲಷ್ಟೇ ಕೂಡಿಕೊಂಡಿತ್ತು. ಅಲ್ಲಿಯವರೆಗೆ ಇಲ್ಲಿ ಇಳಿದು, ಬಸ್ಸು ಹಿಡಿದು, ತೂಗುಸೇತುವೆಯ ಹತ್ತಿರ ಧೂಳು ಕುಡಿದು ಮತ್ತೆ ರೈಲು ಹತ್ತಬೇಕಿತ್ತು. ಡಬ್ಬಿಯ ತುಂಬ ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡವರು. ಬಾಗಿಲ ಬಳಿ ನಿಂತಿದ್ದ ಇಬ್ಬರು ಹುಡುಗರದು ಮಾತ್ರ ಬೇರೆ ವೇಷ: ಬಿಳಿ ಶರ್ಟು, ಟೈ, ಜೇಬಿನ ಮೇಲೆ ಕಪ್ಪು ಬಿಲ್ಲೆ.

ಇಬ್ಬರೂ ಜನ ಮಾರ್ಮನ್ ಎಂದು ಗುರುತಿಸುವ ಸಭೆಯ ಮಿಷನರಿಗಳು. ದೊಡ್ಡವನು ರಾಜಮಹೇಂದ್ರವರದ ಕಡೆಯವನು. ವಯಸ್ಸು ಇಪ್ಪತ್ತು ದಾಟಿತ್ತಷ್ಟೇ. ಗಂಡುಹುಡುಗರಿಗೆ ಈ ಸೇವೆ ಎರಡು ವರ್ಷದ್ದು; ಸಂಬಳವಿಲ್ಲ, ಒಬ್ಬನೇ ಓಡಾಡುವಂತಿಲ್ಲ. ಜೊತೆಗಾರ ತಮಿಳುನಾಡಿನವನು, ಬಂದು ಆರು ವಾರವಾಗಿತ್ತು. ದೊಡ್ಡವನಿಗೆ ಇನ್ನುಳಿದಿದ್ದು 19 ದಿನ.

“ಮೊದಲ ತಿಂಗಳು ದಿನ ಎಣಿಸ್ತಿದ್ದೆ ಸಾರ್. ಈಗ ಎಣಿಸೋಕೆ ಭಯ,” ಎಂದ, ಕನ್ನಡದಲ್ಲೇ. ಅವನು ಬಂದಿಳಿದ ಹೊತ್ತಿಗೆ ಕೋವಿಡ್‌ನ ಮೂರನೇ ಅಲೆ. 2022ರ ಜನವರಿಯ ವಾರಾಂತ್ಯದ ಕರ್ಫ್ಯೂ. ಬಾಡಿಗೆ ಮನೆಯ ಕಿಟಕಿಯಿಂದ ಕಂಡದ್ದೇ ಅವನ ಮೊದಲ ಬೆಂಗಳೂರು.

ಗರುಡಾಚಾರ್‌ಪಾಳ್ಯದಲ್ಲಿ ಮೂವರೂ ಇಳಿದೆವು. ಅಲ್ಲಿ ಅವರ ಸಭೆಯ ದೇವಾಲಯ ಏಳುತ್ತಿತ್ತು. ಭಾರತದಲ್ಲಿ ಅವರಿಗೆ ಇದೇ ಮೊದಲನೆಯದು. 2018ರ ಏಪ್ರಿಲ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಘೋಷಣೆ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆಯಂಥದ್ದು. ಹುಡುಗ ಬೇಲಿಯಾಚೆ ಸುಮ್ಮನೆ ನೋಡುತ್ತ ನಿಂತ. ಅದು ಮುಗಿಯುವ ಹೊತ್ತಿಗೆ ತಾನು ಇಲ್ಲಿರುವುದಿಲ್ಲ ಎಂಬುದು ಅವನಿಗೆ ಗೊತ್ತು. ಅವನ ಸೀಮೆಗೂ ಈ ಸಭೆ ಹಳೆಯದೇನಲ್ಲ. ಸಮೋವಾದಲ್ಲಿ ದೀಕ್ಷೆ ಪಡೆದ ಎಡ್ವಿನ್ ಧರ್ಮರಾಜು ದಂಪತಿ 1978ರಲ್ಲಿ ಹೈದರಾಬಾದಿಗೆ ಬಂದು ತಮ್ಮ 22 ಬಂಧುಗಳನ್ನು ಸೇರಿಸಿಕೊಂಡ ಮೇಲೆ ತೆಲುಗು ನಾಡಿನಲ್ಲಿ ಅದು ಬೆಳೆದದ್ದು.

ಮತಾಂತರದ ಮಾತೆತ್ತಿದೆ, ಎತ್ತದಿದ್ದರೆ ಈ ಬರಹ ಪ್ರಾಮಾಣಿಕವಾಗುತ್ತಿರಲಿಲ್ಲ. “ಕರೆದವರ ಮನೆಗೆ ಮಾತ್ರ ಹೋಗ್ತೀವಿ. ಬೇಡ ಅಂದರೆ ನಮಸ್ಕಾರ ಹೇಳಿ ಬರ್ತೀವಿ,” ಎಂದ. ಅವನ ನಂಬಿಕೆ ನನ್ನದಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಕನ್ನಡ. ಈ ಕಡೆ ಹತ್ತು ವರ್ಷ ದುಡಿದೂ ‘ಗೊತ್ತಿಲ್ಲ’ ಎಂಬ ಒಂದೇ ಪದ ಕಲಿತವರನ್ನು ಕಂಡಿದ್ದೇನೆ.

ಕಲಿತದ್ದು ಹೇಗೆ ಎಂದರೆ, ಹಾಲಿನಿಂದ. ಅವರ ಸಭೆಯವರು ಕಾಫಿ, ಟೀ ಎರಡನ್ನೂ ಕುಡಿಯುವುದಿಲ್ಲ. ಮೊದಲ ಸಲ ಹತ್ತಿರದ ಟೀ ಅಂಗಡಿಯಲ್ಲಿ ತೆಲುಗಿನಂತೆಯೇ “ಅಕ್ಕಾ, ಒಂದು ಪಾಲು” ಎಂದನಂತೆ. “ಯಾವ ಆಸ್ತಿದಪ್ಪಾ ಪಾಲು?” ಎಂದು ಅಂಗಡಿಯಾಕೆ ಕೇಳಿದ್ದಳು. ಅಂದು ರಾತ್ರಿ ಅವನೇ ಒಂದು ಸೂತ್ರ ಕಂಡುಕೊಂಡ: ಪಾಲು ಹಾಲಾದರೆ ಪುಲಿ ಹುಲಿ, ಪಾಮು ಹಾವು, ಪುವ್ವು ಹೂವು. ತನ್ನ ‘ಪ’ ತೆಗೆದು ‘ಹ’ ಹಾಕುತ್ತಾ ಹೋದ. ಕೆಲಸಕ್ಕೆ ತೆಲುಗಿನಲ್ಲಿ ‘ಪನಿ’ ಎನ್ನುತ್ತಾರಲ್ಲ, “ಇವತ್ತು ತುಂಬಾ ಹನಿ ಇದೆ” ಎಂದು ಮನೆ ಮಾಲೀಕರಿಗೆ ಹೇಳಿದಾಗ ಅವರು ಮಾಳಿಗೆ ಸೋರುತ್ತಿದೆಯೆಂದು ಏಣಿ ತಂದಿದ್ದರು.

ಸೂತ್ರವೇನೋ ಸರಿಯೇ. ಹಳಗನ್ನಡದ ಪಾಲ್, ಪುಲಿ, ಪಾವುಗಳೇ ಹಾಲು, ಹುಲಿ, ಹಾವುಗಳಾದದ್ದು. ಈ ಜಾಡನ್ನು ಕಾಣಬೇಕೆಂದರೆ ಈಗಲೂ ತೆಗೆಯಬೇಕಾದ್ದು ಒಬ್ಬ ಮಿಷನರಿಯ ನಿಘಂಟನ್ನೇ. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಅವರಿಗೆ 21 ವರ್ಷ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವಾಗ ಅವರು ಆಗಲೇ ಜರ್ಮನಿಗೆ ಮರಳಿಯಾಗಿತ್ತು. ಇದನ್ನು ಹೇಳಿದೆ. ಹುಡುಗನಿಗೆ ಕಿಟ್ಟೆಲ್ ಹೆಸರು ಹೊಸದು, ಫೋನಿನಲ್ಲಿ ಬರೆದುಕೊಂಡ.

ಮತ್ತೆ ರೈಲು ಹತ್ತಿ ವೈಟ್‌ಫೀಲ್ಡ್‌ಗೆ ಹೋದೆವು. ಇನ್ನರ್ ಸರ್ಕಲ್ ಹತ್ತಿರ ಅವರು ಬೀಳ್ಕೊಳ್ಳಬೇಕಾದ ಮನೆಯೊಂದಿತ್ತು. ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟಾಗ ಹುಟ್ಟಿದ ಊರಿದು, ಸಂಘದ ಡಿ.ಎಸ್. ವೈಟ್ ಅವರಿಂದ ಹೆಸರು. ಬೇಸಾಯ ಮಾಡಿ ಇಲ್ಲೇ ನೆಲೆಸಬೇಕೆಂದು ಬಂದವರ ಊರಿನಲ್ಲಿ ಈಗ ಹಳೆಯ ಬಂಗಲೆಗಳನ್ನು ಹುಡುಕಿ ನೋಡಬೇಕು. ನಾನು ಮರಗಳ ಕೆಳಗೆ ಅಡ್ಡಾಡುತ್ತಿದ್ದೆ. ಅರ್ಧ ಗಂಟೆಯ ಮೇಲೆ ಹುಡುಗ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದ. ಏನೂ ಕೇಳಲಿಲ್ಲ.

ವಾಪಸು ಬರುವಾಗ ತಾನೇ ಮಾತಾಡಿದ. ಶೇಷಾದ್ರಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ. ಹೊರಡುವ ಮುನ್ನ ಮಿಷನ್ ಅಧ್ಯಕ್ಷರ ಜೊತೆ ಕೊನೆಯ ಮಾತುಕತೆ. ಎದೆಯ ಬಿಲ್ಲೆಯನ್ನು ಇಲ್ಲಿ ತೆಗೆಯುವುದಿಲ್ಲ. ಊರಿನ ಹಿರಿಯರು ಸೇವೆಯಿಂದ ಬಿಡುಗಡೆ ಮಾಡುವವರೆಗೂ ಅದು ಇರಬೇಕು. ಎರಡು ವರ್ಷ ಅಮ್ಮನ ಜೊತೆ ವಾರಕ್ಕೊಂದು ಫೋನು ಮಾತ್ರ. ಶರ್ಟುಗಳನ್ನು ಜೊತೆಗಾರನಿಗೆ ಬಿಟ್ಟುಹೋಗುತ್ತಾನೆ.

ಗರುಡಾಚಾರ್‌ಪಾಳ್ಯದ ಅಂಗಡಿಯಾಕೆ ಅವನಿಗಾಗಿ ಎರಡು ಕೆಜಿ ರಾಗಿಹಿಟ್ಟು ಕಟ್ಟಿಟ್ಟಿದ್ದಳು. “ಅಮ್ಮಂಗೆ ಕೊಡು. ಗಂಟಾಗದಂಗೆ ತಿರುವೋಕೆ ಹೇಳು.” ಹುಡುಗ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಜೊತೆಗಾರ ಮುಂದೆ ಬಂದು ಎರಡು ಬೆರಳೆತ್ತಿ ಹೇಳಿದ:

“ಅಕ್ಕಾ, ರೆಂಡು ಪಾಲ್.”

ಆಕೆ ಆಗಲೇ ಎರಡು ಲೋಟಕ್ಕೆ ಹಾಲು ಬಗ್ಗಿಸುತ್ತಿದ್ದಳು.