ಮೊದಲು ಬಾಬಿನ್, ಆಮೇಲೆ ಹೊಲಿಗೆ

ರವಿಕೆಗೆ ತೋಳು ಕೂರಿಸುವಾಗ ಅರ್ಧದಲ್ಲೇ ಕೆಳದಾರ ಮುಗಿದರೆ ಆಗುವ ಬೇಸರ ಹೊಲಿಯುವವರಿಗೇ ಗೊತ್ತು. ಸೂಜಿ ಟಕಟಕ ಓಡುತ್ತಲೇ ಇರುತ್ತದೆ, ಬಟ್ಟೆಯಲ್ಲಿ ಬರೀ ತೂತು. ಅದಕ್ಕೇ ಈಗ ಹೊಲಿಯಲು ಕೂರುವ ಮೊದಲೇ ಬಿಳಿ, ಕಪ್ಪು, ಜೊತೆಗೆ ಅಂದಿನ ಬಟ್ಟೆಯ ಬಣ್ಣ ಅಂತ ಕೆಳದಾರದ 4-5 ಬಾಬಿನ್ ಒಟ್ಟಿಗೆ ಸುತ್ತಿಟ್ಟುಕೊಳ್ಳುತ್ತೇನೆ.

ನನ್ನದು ತುಳಿಯುವ ಮಷೀನು. ಗಾಲಿಯ ನಡುವಿನ ತಿರುಪು ಸಡಿಲ ಮಾಡಿದರೆ ಸೂಜಿ ನಿಲ್ಲುತ್ತದೆ, ಬಾಬಿನ್ ಮಾತ್ರ ಗಿರ್ರನೆ ತಿರುಗುತ್ತದೆ. ದಾರವನ್ನು ಬಿಗಿ ಕೊಡುವ ಪುಟ್ಟ ಬಿಲ್ಲೆಗಳ ನಡುವೆ ಹಾಯಿಸಲೇಬೇಕು. ಬರೀ ಬೆರಳಲ್ಲಿ ಹಿಡಿದು ಸುತ್ತಿದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಗ್ಗು. ಆಮೇಲೆ ಹೊಲಿಗೆಯೂ ಹಾಗೇ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಂಚಿನ ತನಕ ತುಂಬಲೂಬಾರದು. ಒಂಚೂರು ಒಳಗೇ ನಿಲ್ಲಿಸಿದರೆ ಬಾಬಿನ್ ತನ್ನ ಕೇಸಿನೊಳಗೆ ಸಲೀಸಾಗಿ ತಿರುಗುತ್ತದೆ.

ಸುತ್ತಿದ ಬಾಬಿನ್‌ಗಳನ್ನೆಲ್ಲ ತಂತಿಗೆ ಪೋಣಿಸಿ ಮಷೀನಿನ ಪಕ್ಕ ನೇತುಹಾಕಿದ್ದೇನೆ. ದಾರ ಮುಗಿಯಿತಾ, ಕೈಚಾಚಿದರೆ ಇನ್ನೊಂದು ಸಿದ್ಧ. ಹತ್ತು ನಿಮಿಷದ ಈ ತಯಾರಿ ಇಡೀ ದಿನದ ಕೆಲಸವನ್ನು ಹಗುರ ಮಾಡುತ್ತದೆ. ನೀವೂ ಮಾಡಿ ನೋಡಿ.