ಉಪ್ಪುನೀರಿನಲ್ಲಿ ನಿಂತ ನಾಯಿ

ಕೈಕಾಲುಗಳಿಗೆ ಪಟ್ಟಿ ಕಟ್ಟಿ ಎದೆಯ ಮೇಲೆ ತಂತಿಗಳನ್ನು ಜೋಡಿಸುವಾಗ ಮನೆಯ ಹಿರಿಯರು ಕಣ್ಣು ಮುಚ್ಚಿಕೊಳ್ಳುತ್ತಾರೆ. ವಿದ್ಯುತ್ತು ಮೈಗೆ ತಗುಲೀತೆಂಬ ಅಳುಕು ಅವರಿಗೆ. ಬಾಗಿಲಾಚೆ ನಿಂತ ಮಕ್ಕಳದು ಇನ್ನೊಂದು ಅಳುಕು. ಇ.ಸಿ.ಜಿ. ಎಂಬ ಮೂರಕ್ಷರ ಇಡೀ ಸಂಸಾರದ ಉಸಿರನ್ನು ಒಂದು ಗಳಿಗೆ ಹಿಡಿದು ನಿಲ್ಲಿಸುತ್ತದೆ.

ಆದರೆ ಅಲ್ಲಿ ಯಂತ್ರದಿಂದ ಮೈಗೆ ವಿದ್ಯುತ್ತು ಹರಿಯುವುದಿಲ್ಲ. ಯಂತ್ರವು ಬರೆದುಕೊಳ್ಳುವುದು ಹೃದಯದಲ್ಲೇ ಹುಟ್ಟಿದ ವಿದ್ಯುತ್ತನ್ನು.

ಮನುಷ್ಯನ ಎದೆಯನ್ನು ಸೀಳದೆಯೇ ಇದನ್ನು ಮೊದಲು ದಾಖಲಿಸಿದವರು ಆಗಸ್ಟಸ್ ವಾಲರ್. 1887ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ, ಸಣ್ಣ ಗಾಜಿನ ನಳಿಗೆಯೊಳಗಿನ ಪಾದರಸವು ಪ್ರತಿ ಬಡಿತಕ್ಕೂ ಕದಲುವುದನ್ನು ಅವರು ಛಾಯಾಚಿತ್ರದಲ್ಲಿ ಹಿಡಿದರು. ಅವರ ಪ್ರಯೋಗಗಳಿಗೆ ಜೊತೆಯಾದದ್ದು ಜಿಮ್ಮಿ ಎಂಬ ಸಾಕಿದ ಬುಲ್‌ಡಾಗ್. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟು ಅದು ಸುಮ್ಮನೆ ನಿಲ್ಲುತ್ತಿತ್ತು. 1909ರಲ್ಲಿ ರಾಯಲ್ ಸೊಸೈಟಿಯ ಕೂಟವೊಂದರಲ್ಲಿ ಜಿಮ್ಮಿಯನ್ನು ಕಂಡವರು ಪ್ರಾಣಿಹಿಂಸೆಯೆಂದು ಆಕ್ಷೇಪಿಸಿದರು. ಪ್ರಶ್ನೆ ಪಾರ್ಲಿಮೆಂಟನ್ನೂ ಮುಟ್ಟಿತು. ಆ ನೀರಿನಲ್ಲಿದ್ದದ್ದು ಕೊಂಚ ಅಡಿಗೆಯ ಉಪ್ಪು, ಸಮುದ್ರದಂಡೆಯಲ್ಲಿ ಕಾಲು ನೆನೆಸಿದವರಿಗೆಲ್ಲ ಆ ಅನುಭವ ಗೊತ್ತು ಎಂಬರ್ಥದ ಉತ್ತರ ಮಂತ್ರಿಗಳಿಂದ ಬಂದಿತು!

ವಿಚಿತ್ರವೆಂದರೆ, ಈ ವಿದ್ಯೆ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಾದೀತೆಂದು ಸ್ವತಃ ವಾಲರ್ ಅವರಿಗೇ ಅನ್ನಿಸಿರಲಿಲ್ಲ. ಆ ನಂಬಿಕೆಯನ್ನು ಹೊತ್ತವರು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್. ವಾಲರ್ ಅವರ ಪ್ರಯೋಗವನ್ನು 1889ರಲ್ಲಿ ಕಣ್ಣಾರೆ ಕಂಡಿದ್ದ ಅವರು, ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಅಯಸ್ಕಾಂತದ ನಡುವೆ ತೂಗಿಬಿಟ್ಟು ಹೊಸ ಯಂತ್ರವನ್ನು ಕಟ್ಟಿದರು. ಎಳೆ ಕಣ್ಣಿಗೆ ಕಾಣದಷ್ಟು ತೆಳು; ಯಂತ್ರದ ತೂಕವೋ ಸುಮಾರು 270 ಕಿಲೋಗ್ರಾಂ! ಅದನ್ನು ನಡೆಸಲು ಐದು ಮಂದಿ ಬೇಕಾಗಿತ್ತು. ರೋಗಿಯನ್ನು ಅದರ ಬಳಿಗೆ ತರುವುದು ಕಷ್ಟವಾದಾಗ, ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ಟೆಲಿಫೋನು ತಂತಿಯ ಮೂಲಕ ಹೃದಯದ ಸ್ಪಂದನವನ್ನೇ ಪ್ರಯೋಗಶಾಲೆಗೆ ತರಿಸಿಕೊಂಡರು.

ಗೆರೆಯ ಏರಿಳಿತಗಳಿಗೆ ಅವರಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ವಿದ್ಯುತ್ ಸ್ಪಂದನವು ಹೃತ್ಕರ್ಣಗಳಲ್ಲಿ ಹರಡಿದಾಗ ಪಿ ಎಂಬ ಪುಟ್ಟ ದಿಬ್ಬ. ಬಳಿಕ ಕ್ಷಣಾರ್ಧಕ್ಕೂ ಕಡಿಮೆಯ ವಿರಾಮ. ಹೃತ್ಕುಕ್ಷಿಗಳಿಗೆ ಇಳಿದಾಗ ಆರ್ ಎಂಬ ಚೂಪು ಶಿಖರ. ಅವು ಚೇತರಿಸಿಕೊಳ್ಳುವಾಗ ಟಿ. ನಡುವಣ ವಿರಾಮವು ಹಿಗ್ಗಿದರೆ, ಹಾದಿಯಲ್ಲಿ ಎಲ್ಲೋ ತಡೆಯಿದೆಯೆಂದು ವೈದ್ಯರು ಎಣಿಸುತ್ತಾರೆ. ಎದೆಯ ಮೇಲೆ ಒಂದು ಗೀರೂ ಬೀಳದೆ ಇಷ್ಟು ತಿಳಿಯುತ್ತದೆ.

ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಾಲರ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ತಾವು ಹಚ್ಚಿದ ಹಣತೆಯ ಬೆಳಕು ಎಷ್ಟು ದೂರ ಹೋದೀತೆಂಬುದು ಹಚ್ಚಿದವರಿಗೇ ತಿಳಿಯದೆ ಹೋಗುವುದುಂಟು.

ಅಂದು ಉಪ್ಪುನೀರಿನ ಪಾತ್ರೆಗಳು ಮಾಡುತ್ತಿದ್ದ ಕೆಲಸವನ್ನೇ ಇಂದು ಕೈಕಾಲಿನ ಪಟ್ಟಿಗಳು ಮಾಡುತ್ತವೆ. ಹಿರಿಯರು ಕಣ್ಣು ತೆರೆದು, “ಇಷ್ಟೇನೇ?” ಎಂದು ಕೇಳುತ್ತಾರೆ. ಕಾಗದದ ಗೆರೆಯನ್ನು ಓದಿದ ವೈದ್ಯರು ತಲೆಯೆತ್ತಿ ಮುಗುಳ್ನಕ್ಕರೆ, ಬಾಗಿಲಾಚೆಯವರು ಹಿಡಿದಿದ್ದ ಉಸಿರನ್ನು ಬಿಡುತ್ತಾರೆ.