ಚಿಪ್ಪಿನ ಕಿಟಕಿ

ಧಾರವಾಡದ ಕಡೆಯಿಂದ ವಾಸ್ಕೋಗೆ ಬಂದ ಹೊಸತರಲ್ಲಿ ನಾವು ಬಾಡಿಗೆಗೆ ಹಿಡಿದದ್ದು ಚಿಕಾಲಿಂ ಸಮೀಪದ ಒಂದು ಹಳೆಯ ಹೆಂಚಿನ ಮನೆ. ಅದರ ಪಡಸಾಲೆಯ ಎರಡು ಕಿಟಕಿಗಳಿಗೆ ಗಾಜು ಇರಲಿಲ್ಲ. ಮರದ ಸಣ್ಣ ಪಟ್ಟಿಗಳಲ್ಲಿ ತೋಡು ಕೊರೆದು, ಅಂಗೈಗಿಂತ ಚಿಕ್ಕದಾದ ಬಿಳಿಯ ಚಿಪ್ಪಿನ ತುಂಡುಗಳನ್ನು ಸಾಲಾಗಿ ಕೂರಿಸಿದ್ದರು. ಮಧ್ಯಾಹ್ನದ ಉರಿಬಿಸಿಲು ಅವುಗಳ ಮೂಲಕ ಹಾದು ಒಳಗೆ ಬರುವಾಗ ಹಾಲಿನಂತೆ ಮೆತ್ತಗಾಗುತ್ತಿತ್ತು. ನಮ್ಮ ತಾಯಿಯವರು ಆ ಕಿಟಕಿಯ ಕೆಳಗೇ ಕುಳಿತು ಅಕ್ಕಿ ಆರಿಸುತ್ತಿದ್ದರು, ಪುಸ್ತಕ ಓದುತ್ತಿದ್ದರು. ಹೊರಗಿನವರಿಗೆ ಒಳಗಿನದು ಕಾಣದು, ಒಳಗಿನವರಿಗೆ ಬೆಳಕಿನ ಕೊರತೆಯಿಲ್ಲ.

ಎರಡನೆಯ ಮಳೆಗಾಲದಲ್ಲಿ ಕಿಟಕಿ ಸೋರತೊಡಗಿತು. ಮಾಲೀಕರನ್ನು ಕೇಳಿಕೊಂಡು, ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ ಮೇಲೆ, ನಾವು ಗಾಜು ಹಾಕಿಸಿದೆವು. ಬಡಗಿಯೂ ನಮ್ಮವನೇ, ಗದಗಿನ ಕಡೆಯವನು. ಚೌಕಟ್ಟನ್ನು ಕಳಚುವಾಗ ಅದು ಅವನ ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಮರ ಸೀಳಿತು, ಚಿಪ್ಪುಗಳಲ್ಲಿ ಹೆಚ್ಚಿನವು ಪೆಟ್ಟು ಬಿದ್ದಲ್ಲಿ ಒಂದು ಬಿಳಿಯ ಕಲೆ ಮೂಡಿಸಿಕೊಂಡದ್ದು ಬಿಟ್ಟರೆ ಇಡಿಯಾಗಿಯೇ ಉಳಿದವು. ಆಗ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಂಗಳದ ತಗ್ಗು ತುಂಬಲು ಅವನ್ನು ಸುರಿಯಹೊರಟೆವು. ಅರ್ಧ ಸುರಿದಾಗ ತಾಯಿಯವರು ತಡೆದು, ಉಳಿದವನ್ನು ಹಳೆಯ ಸೀರೆಯಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟರು.

ಹಲವು ವರ್ಷಗಳ ಅನಂತರ, ವಸ್ತುವಿಜ್ಞಾನ ಓದುತ್ತಿದ್ದ ಮಗಳು ರಜೆಗೆ ಬಂದಾಗ ಆ ಗಂಟು ಬಿಚ್ಚಿತು. ನಾವು ಕಸವೆಂದು ಎಣಿಸಿದ್ದನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು, ಅದು ಹೇಗೆ ಬೆಳೆದದ್ದೆಂದು ವಿವರಿಸಿದಳು. ಈ ಮೃದ್ವಂಗಿಯ ಶಾಸ್ತ್ರೀಯ ಹೆಸರು ಪ್ಲಕುನಾ ಪ್ಲಸೆಂಟಾ. ಅಳಿವೆಯ ಕೆಸರಿನ ಮೇಲೆ ಬದುಕುವ ಈ ಜೀವಿ ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ, ತನ್ನ ಮೈಯ ಸುತ್ತ ಕ್ಯಾಲ್ಸೈಟ್ ಎಂಬ ಖನಿಜದ ಹರಳುಗಳನ್ನು ಬೆಳೆಸಿಕೊಳ್ಳುತ್ತದೆ. ಒಂದೊಂದು ಹರಳೂ ಉದ್ದನೆಯ ತೆಳು ಪಟ್ಟಿ. ಅವು ಒತ್ತಾಗಿ ಸೇರಿ ಒಂದು ಪದರ. ಪದರದ ದಪ್ಪ ಒಂದು ಮಿಲಿಮೀಟರಿನ ಸುಮಾರು 3000ದ ಒಂದು ಭಾಗ ಮಾತ್ರ. ಪದರಗಳ ನಡುವೆ ಅತಿ ತೆಳುವಾದ ಸಾವಯವ ಅಂಟು. ತೂಕದಲ್ಲಿ ಶೇಕಡಾ 99ರಷ್ಟು ಖನಿಜ, ಉಳಿದ ಒಂದು ಪಾಲು ಮಾತ್ರ ಜೀವದ ಅಂಟು. ಹರಳುಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುವುದರಿಂದ ಬೆಳಕು ಹೆಚ್ಚು ಚದುರದೆ, ಸುಮಾರು 80 ಪಾಲು ದಾಟಿಬರುತ್ತದೆ.

ಕ್ಯಾಲ್ಸೈಟ್ ಎಂದೊಡನೆ ನಮಗೆ ಊರಿನ ಮನೆ ನೆನಪಾಯಿತು. ಅಲ್ಲಿ ನಾವು ಬರಿಗಾಲಲ್ಲಿ ಓಡಾಡಿದ ಶಹಾಬಾದ ಫರಸಿಯೂ ಸುಣ್ಣದ ಕಲ್ಲೇ, ಅದರ ಮುಖ್ಯ ಖನಿಜವೂ ಇದೇ. ಒಂದೇ ವಸ್ತು ಅಲ್ಲಿ ನೆಲವಾಗಿ ಬೆಳಕನ್ನು ತಡೆದಿತ್ತು, ಇಲ್ಲಿ ಕಿಟಕಿಯಾಗಿ ಬಿಟ್ಟುಕೊಟ್ಟಿತ್ತು. ವ್ಯತ್ಯಾಸವಿದ್ದದ್ದು ಹರಳುಗಳನ್ನು ಜೋಡಿಸಿದ ರೀತಿಯಲ್ಲಿ.

ಮೆಟ್ಟಿಲ ಮೇಲೆ ಬಿದ್ದರೂ ಚಿಪ್ಪುಗಳು ಏಕೆ ಒಡೆಯಲಿಲ್ಲವೆಂಬುದಕ್ಕೂ ಉತ್ತರ ದೊರೆಯಿತು. ಅಮೆರಿಕದ ಎಂ.ಐ.ಟಿ.ಯ ಲಿಂಗ್ ಲಿ ಮತ್ತು ಕ್ರಿಸ್ಟಿನ್ ಓರ್ಟಿಜ್ 2014ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಈ ಚಿಪ್ಪಿನ ಅಧ್ಯಯನವನ್ನು ಪ್ರಕಟಿಸಿದರು. ಪೆಟ್ಟು ಬಿದ್ದಲ್ಲಿ ಹರಳಿನ ಒಳರಚನೆ ಕನ್ನಡಿಯ ಬಿಂಬದಂತೆ ಮಗುಚಿಕೊಳ್ಳುತ್ತದೆ. ಆ ಗಡಿಗಳ ಸುತ್ತ ಪದರಗಳು ಅಲ್ಲಲ್ಲೇ ಬಿಡಿಸಿಕೊಂಡು ಪೆಟ್ಟಿನ ಬಲವನ್ನು ನುಂಗುತ್ತವೆ. ಬಿರುಕು ಅಲ್ಲಿಂದ ಮುಂದಕ್ಕೆ ಹರಿಯುವುದಿಲ್ಲ. ಶುದ್ಧ ಕ್ಯಾಲ್ಸೈಟಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಶಕ್ತಿಯನ್ನು ಈ ಚಿಪ್ಪು ತಾಳಿಕೊಳ್ಳುತ್ತದೆ. ಬೆಳಕನ್ನು ಬಿಡುವ, ಆದರೆ ಒಡೆದು ಚೂರಾಗದ ಫಲಕಗಳನ್ನು ಇದೇ ಕ್ರಮದಲ್ಲಿ ಪ್ರಯೋಗಶಾಲೆಯಲ್ಲಿ ಕಟ್ಟಲು ಸಾಧ್ಯವೇ ಎಂದು ವಿಜ್ಞಾನಿಗಳು ಯೋಚಿಸುತ್ತಿದ್ದಾರೆ. ಅವರು ಅರಸುತ್ತಿರುವುದನ್ನು ನಾವು ಅಂಗಳದ ತಗ್ಗಿಗೆ ಸುರಿದಿದ್ದೆವು.

ಪೋರ್ಚುಗೀಸರ ಕಾಲದ ಗೋವೆಯಲ್ಲಿ ಇಗರ್ಜಿಗಳಿಗೂ ಸಿರಿವಂತರ ಮನೆಗಳಿಗೂ ಇಂಥ ಕಿಟಕಿಗಳಿದ್ದವು. ಫಿಲಿಪೀನ್ಸಿನ ಹಳೆಯ ಮನೆಗಳಲ್ಲಿಯೂ ಇದೇ ಚಿಪ್ಪಿನ ಕಿಟಕಿಗಳಿವೆ. ಗಾಜು ಅಗ್ಗವಾದಂತೆ ಇವು ಮರೆಗೆ ಸರಿದವು. ಚಿಪ್ಪು ಸುಣ್ಣದ ಗೂಡಿಗೂ ಹೋಯಿತು. ಈಗ ಈ ಜೀವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಜುವಾರಿ ನದಿಯ ಚಿಕಾಲಿಂ ಕೊಲ್ಲಿಯಲ್ಲಿ, ಅಂದರೆ ನಮ್ಮ ಬಾಡಿಗೆ ಮನೆಯಿಂದ ಸ್ವಲ್ಪವೇ ದೂರದಲ್ಲಿ, ಅದು ಇಂದಿಗೂ ಕೆಸರಿನೊಳಗೆ ಹರಳು ಬೆಳೆಸುತ್ತಿದೆ. ಅದೇ ನದಿಯ ಆಚೆ ದಂಡೆಯಲ್ಲಿ ಕದಂಬರ ಗೋಪಕಪಟ್ಟಣವಿತ್ತೆಂದು ಸಂಘದ ಸಭೆಗಳಲ್ಲಿ ನಾವು ಅಭಿಮಾನದಿಂದ ಹೇಳುತ್ತೇವೆ. ಈಚೆ ದಂಡೆಯ ನೀರಿನಲ್ಲಿ ಏನಿದೆಯೆಂದು ಮಾತ್ರ ಇಷ್ಟು ವರ್ಷ ನೋಡಿರಲಿಲ್ಲ.

ಮೊನ್ನೆ ಆ ಹಳೆಯ ಮನೆಯ ಮಾಲೀಕರ ಮಗ ಮನೆಯನ್ನು ದುರಸ್ತಿ ಮಾಡಿಸುತ್ತಿರುವ ಸುದ್ದಿ ತಿಳಿಯಿತು. ಸೀರೆಯ ಗಂಟನ್ನು ಹಿಡಿದು ಹೋದೆವು. ಎಣಿಸಿದಾಗ 43 ಚಿಪ್ಪುಗಳಿದ್ದವು. ಒಂದು ಕಿಟಕಿಯ ಅರ್ಧಕ್ಕೂ ಸಾಲದು. ಅವರು ಯಾವ ಮಾತೂ ಆಡದೆ ಒಂದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಮೇಲಿನ ಸಾಲಿಗೆ ಇವನ್ನು ಹಾಕಿ, ಕೆಳಗೆ ಗಾಜನ್ನೇ ಉಳಿಸುವುದಾಗಿ ಹೇಳಿದರು. ತಾಯಿಯವರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ಗೋವೆಯಲ್ಲಿ ಹಳೆಯ ಮನೆಗಳನ್ನು ಕೆಡವುವ, ಕಟ್ಟುವ, ಮರಗೆಲಸ ಮಾಡುವ ಕೈಗಳಲ್ಲಿ ನಮ್ಮ ಸಂಘದವರ, ನಮ್ಮ ನಾಡಿನವರ ಕೈಗಳು ಬಹಳ. ಅವರಲ್ಲಿ ನಮ್ಮದೊಂದು ಪ್ರಾರ್ಥನೆ. ಕೆಡವುವ ಮನೆಯಲ್ಲಿ ಚಿಪ್ಪಿನ ಕಿಟಕಿ ಕಂಡರೆ ಸುತ್ತಿಗೆಯನ್ನು ಒಂದು ಗಳಿಗೆ ಕೆಳಗಿಡಿ. ಚೌಕಟ್ಟನ್ನು ಇಡಿಯಾಗಿ ಕಳಚಿ ಮನೆಯವರಿಗೇ ಒಪ್ಪಿಸಿ, ಅದೇನೆಂದು ಎರಡು ಮಾತು ಹೇಳಿ. ಬಾಡಿಗೆ ಮನೆಯಲ್ಲಿ ನಾವು ಮಾಡಿದ ತಪ್ಪು ಇನ್ನೊಬ್ಬರಿಂದ ಆಗದಿರಲಿ.